ಝರಿಣಿಯ ಕೊನೆಯ ಫಾರಂ

1979ರಲ್ಲಿ ನಾನು ಪುತ್ತೂರಿನ ಒಂದು ಸಣ್ಣ ಮುದ್ರಣಾಲಯದಲ್ಲಿ ಪ್ರೂಫ್ ರೀಡರ್ ಆಗಿದ್ದೆ. ಅಚ್ಚಾಗುವ ಮೊದಲು ಕರಡು ಹಾಳೆಯಲ್ಲಿ ತಪ್ಪು ಹುಡುಕಿ ಗುರುತು ಹಾಕುವುದು ನನ್ನ ಕೆಲಸ. ಇಡೀ ದಿನ ಬೇರೆಯವರ ತಪ್ಪು ಹುಡುಕುವವನಿಗೆ ಸ್ನೇಹಿತರು ಕಡಿಮೆ. ಚಹಾ ಕುಡಿಯಲು ಹೋದರೆ ಹೋಟೆಲಿನ ತಿಂಡಿ ಬೋರ್ಡನ್ನು ತಿದ್ದದೆ ನನಗೆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸಿಟ್ಟೂ ಬೇಗ ಬರುತ್ತಿತ್ತು. ‘ಸಣ್ಣ ತಪ್ಪು, ಬಿಡಿ ಮಾರಾಯ್ರೆ’ ಎಂದವರ ಮೇಲೆ ಹರಿಹಾಯ್ದದ್ದಕ್ಕೆ ಲೆಕ್ಕವಿಲ್ಲ. ಹೀಗಾಗಿ ಹೆಚ್ಚಿನವರು ನನ್ನಿಂದ ಸ್ವಲ್ಪ ದೂರದಲ್ಲೇ ಇರುತ್ತಿದ್ದರು.

ನನ್ನ ಊರು ಸುಳ್ಯದ ಕಡೆ, ಮನೆಮಾತು ಅರೆಭಾಷೆ. ತಾಯಿ ತೀರಿಕೊಂಡ ಮೇಲೆ ಊರಿಗೆ ಹೋಗುವ ಕಾರಣ ಉಳಿದಿರಲಿಲ್ಲ. ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಒಬ್ಬನೇ ಇದ್ದೆ. ಆದಿತ್ಯವಾರ ಪ್ರೆಸ್ಸಿಗೆ ರಜೆ. ಆ ದಿನ ನಾನು ಬಾಯಿ ತೆರೆಯುತ್ತಿದ್ದದ್ದು ಊಟದ ಹೋಟೆಲಿನಲ್ಲಿ ‘ಸ್ವಲ್ಪ ಸಾರು’ ಎನ್ನುವುದಕ್ಕೆ ಮಾತ್ರ. ಒಂಟಿತನ ಎಂಬ ಪದವನ್ನು ನಾನು ಅಚ್ಚಿನಲ್ಲಿ ಬೇಕಾದಷ್ಟು ಸಲ ನೋಡಿದ್ದೆ, ಅದರಲ್ಲಿ ಯಾವ ಕಾಗುಣಿತದ ತಪ್ಪೂ ಇರುತ್ತಿರಲಿಲ್ಲ. ಆದರೆ ಅದು ನನ್ನದೇ ಹೆಸರು ಎಂದು ಗೊತ್ತಾದದ್ದು ಪುತ್ತೂರಿನ ಆದಿತ್ಯವಾರಗಳಲ್ಲಿ.

ಪ್ರೆಸ್ಸಿನ ಯಜಮಾನರು ಇಸ್ಮಾಯಿಲ್ ಸಾಹೇಬರು. ಮನೆಯಲ್ಲಿ ಬ್ಯಾರಿ ಭಾಷೆ, ಅಂಗಡಿಯಲ್ಲಿ ತುಳು, ಕಾಗದದ ಮೇಲೆ ಕನ್ನಡ. ಮದುವೆ ಕಾಗದ, ಬೊಜ್ಜದ ಕಾಗದ, ಅಂದರೆ ನಮ್ಮಲ್ಲಿ ಸತ್ತವರ ಉತ್ತರಕ್ರಿಯೆಗೆ ಕರೆಯುವ ಕಾಗದ, ಯಕ್ಷಗಾನದ ನೋಟೀಸು, ರಶೀದಿ ಪುಸ್ತಕ, ಇವೇ ನಮ್ಮ ದಿನನಿತ್ಯದ ಅನ್ನ. ಪುಸ್ತಕ ಬರುವುದು ಅಪರೂಪ.

ಆಗಿನ ಅಚ್ಚಿನ ಕ್ರಮವನ್ನು ಸ್ವಲ್ಪ ಹೇಳಬೇಕು. ಸೀಸದ ಮೊಳೆಗಳನ್ನು, ಒಂದು ಅಕ್ಷರಕ್ಕೆ ಒಂದರಂತೆ, ಕೈಯಲ್ಲಿ ಹೆಕ್ಕಿ ಸಾಲು ಜೋಡಿಸುವುದು ಕಂಪೋಸಿಟರನ ಕೆಲಸ. ನಮ್ಮ ಕಂಪೋಸಿಟರ್ ಶೇಷಪ್ಪ. ಎಂಟು ಪುಟ ಸೇರಿದರೆ ಒಂದು ಫಾರಂ. ಒಂದು ಫಾರಂ ಅಚ್ಚಾದ ಕೂಡಲೇ ಮೊಳೆಗಳನ್ನೆಲ್ಲ ಬಿಚ್ಚಿ ಮರಳಿ ಪೆಟ್ಟಿಗೆಗೆ ಹಾಕಬೇಕು. ಇಲ್ಲವಾದರೆ ಮುಂದಿನ ಪುಟಕ್ಕೆ ಮೊಳೆಯೇ ಇಲ್ಲ. ಆದ್ದರಿಂದ ಅಚ್ಚಾದದ್ದು ಅಚ್ಚಾಯಿತು. ಮೂರನೆಯ ಅಧ್ಯಾಯ ಸರಿಯಾಗಲಿಲ್ಲ ಎಂದು ಹತ್ತನೆಯ ಅಧ್ಯಾಯಕ್ಕೆ ಬಂದ ಮೇಲೆ ಲೇಖಕರು ತಲೆ ಚಚ್ಚಿಕೊಂಡರೆ ಪ್ರಯೋಜನವಿಲ್ಲ.

ಪ್ರೂಫ್ ತಿದ್ದುವುದಕ್ಕೂ ಕ್ರಮ ಉಂಟು. ಇಬ್ಬರು ಬೇಕು. ಒಬ್ಬ ಮೂಲ ಪ್ರತಿಯನ್ನು ಹಿಡಿದು ಗಟ್ಟಿಯಾಗಿ ಓದಬೇಕು, ಕಾಮಾ, ಫುಲ್‌ಸ್ಟಾಪ್, ಕೋಟ್ ಓಪನ್, ಪ್ಯಾರಾ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಾ. ಇನ್ನೊಬ್ಬ ಕರಡಿನ ಮೇಲೆ ಕಣ್ಣಿಟ್ಟು ಅಂಚಿನಲ್ಲಿ ಗುರುತು ಹಾಕಬೇಕು. ಅಕ್ಷರ ತಪ್ಪಿದ್ದರೆ ತಿದ್ದಬಹುದು. ಆದರೆ ವಿಷಯವನ್ನು ಪ್ರೂಫ್ ರೀಡರ್ ಮುಟ್ಟುವ ಹಾಗಿಲ್ಲ. ಸಂಶಯ ಬಂದರೆ ಅಂಚಿನಲ್ಲಿ ಪ್ರಶ್ನೆಯ ಗುರುತು ಹಾಕಿ ಲೇಖಕರಿಗೆ ಬಿಡಬೇಕು. ಲೇಖಕರು ಆ ಮಾತಿನ ಅಡಿಯಲ್ಲಿ ಚುಕ್ಕಿಗಳ ಸಾಲು ಹಾಕಿದರೆ ‘ಇದ್ದದ್ದು ಇದ್ದ ಹಾಗೇ ಇರಲಿ’ ಎಂದು ಅರ್ಥ. ಚುಕ್ಕಿ ಬಿದ್ದ ಮೇಲೆ ಯಾರೂ ಮಾತಾಡುವಂತಿಲ್ಲ.

ಆ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಶನಿವಾರ ಮಧ್ಯಾಹ್ನ ವಾರಿಜಾ ಟೀಚರ್ ಪ್ರೆಸ್ಸಿಗೆ ಬಂದರು. ಕಡಬದ ಕಡೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ವಯಸ್ಸು ನನ್ನದಕ್ಕಿಂತ ಸ್ವಲ್ಪ ಕಡಿಮೆ, ಮದುವೆಯಾಗಿರಲಿಲ್ಲ, ಕಡಬದಲ್ಲಿ ಬಾಡಿಗೆ ಕೋಣೆ. ಚೀಲದಿಂದ ದಪ್ಪ ಕಟ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟು, “ಕಾದಂಬರಿ. ಮಕ್ಕಳಿಗೆ” ಎಂದರು.

ಸಾಹೇಬರು ಎರಡು ಪುಟ ತಿರುವಿ ಕನ್ನಡಕ ತೆಗೆದರು. “ಮಕ್ಕಳಿಗೆ ಅಂತ ಹೇಳ್ತೀರಿ ಟೀಚರ್, ಇದರಲ್ಲಿ ರಾಜಕುಮಾರಿಗೆ ಪ್ರೀತಿ ಎಲ್ಲ ಉಂಟಲ್ಲ?”

“ಹದಿನಾರು ಹದಿನೇಳರ ಮಕ್ಕಳು ಸಾಹೇಬ್ರೆ. ಪ್ರೀತಿ ಬರುದು ಆ ವಯಸ್ಸಿಗೆ, ನಾವು ವಿಜ್ಞಾನ ಕಲಿಸುದೂ ಆ ವಯಸ್ಸಿಗೇ. ಎರಡನ್ನೂ ಒಟ್ಟಿಗೆ ಕೊಟ್ರೆ ಎಂತ ಆಗ್ತದೆ?”

ಸಾಹೇಬರು ಕನ್ನಡಕ ಮತ್ತೆ ಏರಿಸಿ ಕಟ್ಟನ್ನು ತಮ್ಮ ಕಡೆ ಎಳೆದುಕೊಂಡರು. ಆ ಪ್ರಶ್ನೆಗೆ ಸೋತೇ ಕೆಲಸ ಒಪ್ಪಿಕೊಂಡರು ಎಂದು ನನ್ನ ಅಂದಾಜು.

ಕಥೆ ಹೀಗಿತ್ತು. ಧೂಮ್ರ ಎಂಬ ಗ್ರಹ. ಅದರ ನೆಲದ ಮೇಲೆ ಗಾಳಿಯೇ ಇಲ್ಲ. ಜನರು ಒಂದು ಬೆಟ್ಟವನ್ನು ಒಳಗಿನಿಂದ ಕೊರೆದು ನಗರ ಕಟ್ಟಿಕೊಂಡಿದ್ದಾರೆ. ಗಾಳಿಯನ್ನು ಯಂತ್ರದಲ್ಲಿ ತಯಾರಿಸಿ ತಾಮ್ರದ ಕೊಳವೆಗಳ ಮೂಲಕ ಮನೆಮನೆಗೆ ಕಳಿಸುತ್ತಾರೆ. ಯಾರಿಗೆ ಎಷ್ಟು ಗಾಳಿ ಎಂದು ನಿರ್ಧರಿಸುವವನು ಅರಮನೆಯ ವಾಯುಮಂತ್ರಿ. ಎಲ್ಲ ಕೊಳವೆಗಳ ಬೀಗದ ಕೈ ಅವನ ಸೊಂಟದಲ್ಲಿ. ಮಾತಿಗೊಮ್ಮೆ ಆ ಗೊಂಚಲನ್ನು ಕುಲುಕುವುದು ಅವನ ಅಭ್ಯಾಸ. ರಾಜನ ಕೋಣೆಗೆ ಹೋಗುವ ಗಾಳಿಯನ್ನು ಅವನು ದಿನದಿನಕ್ಕೆ ತುಸುತುಸುವೇ ಕಡಿಮೆ ಮಾಡುತ್ತಾನೆ. ರಾಜ ತೂಕಡಿಸುತ್ತಾ ಕೂತು, ಕೊಟ್ಟದ್ದಕ್ಕೆಲ್ಲ ಮುದ್ರೆ ಒತ್ತುತ್ತಾನೆ. ಇದು ಗೊತ್ತಾಗುವುದು ರಾಜಕುಮಾರಿ ಝರಿಣಿಗೆ ಮತ್ತು ಕೊಳವೆ ರಿಪೇರಿ ಮಾಡುವ ಹುಡುಗ ಧವಳನಿಗೆ. ಅವರಿಬ್ಬರು ಒಬ್ಬರನ್ನೊಬ್ಬರು ನೋಡಿಯೇ ಇಲ್ಲ. ಕೊಳವೆಯ ಆ ತುದಿಯಿಂದ ಈ ತುದಿಗೆ ಮಾತಾಡಿಯೇ ಪ್ರೀತಿಸುತ್ತಾರೆ.

ಟೀಚರಿನ ಅಕ್ಷರ ಕೋಳಿ ಕೆದಕಿದ ಹಾಗೆ ಇತ್ತು. ಅದನ್ನು ನಮ್ಮಲ್ಲಿ ಯಾರೂ ಗಟ್ಟಿಯಾಗಿ ಓದುವ ಹಾಗಿರಲಿಲ್ಲ. “ಬರೆದವರೇ ಓದಬೇಕು” ಎಂದೆ, ಸಿಟ್ಟಿನಿಂದಲೇ. “ಓದ್ತೇನೆ. ಶನಿವಾರ ಅರ್ಧ ದಿನ ಶಾಲೆ” ಎಂದರು. ಹಾಗೆ ಪ್ರತಿ ಶನಿವಾರ ಮಧ್ಯಾಹ್ನ ಸವಣೂರಿನ ಮೇಲಾಗಿ ಬರುವ ಬಸ್ಸಿನಿಂದ ಇಳಿದು, ನನ್ನ ಮೇಜಿನ ಎದುರು ಕುಳಿತು ಓದತೊಡಗಿದರು.

“ಕೋಟ್ ಓಪನ್. ನೀನು ಯಾರು, ಪ್ರಶ್ನೆ. ಕೋಟ್ ಕ್ಲೋಸ್. ಪ್ಯಾರಾ. ಕೋಟ್ ಓಪನ್. ನಿನ್ನ ಉಸಿರನ್ನು ನಿನಗೆ ತಲುಪಿಸುವವನು, ಫುಲ್‌ಸ್ಟಾಪ್. ಕೋಟ್ ಕ್ಲೋಸ್.”

ಇಂಥ ಮಾತುಗಳನ್ನು ಕಾಮಾ ಫುಲ್‌ಸ್ಟಾಪುಗಳ ಸಮೇತ ಒಬ್ಬ ಹೆಂಗಸು ಎದುರು ಕುಳಿತು ಓದುವುದನ್ನು ಕೇಳಿದರೆ ಏನಾಗುತ್ತದೆ ಎಂದು ನನ್ನನ್ನು ಕೇಳಬೇಡಿ. ನನ್ನ ಕೈ ಅಂಚಿನಲ್ಲಿ ಗುರುತು ಹಾಕುತ್ತಿತ್ತು. ಶೇಷಪ್ಪ ಮೊಳೆ ಪೆಟ್ಟಿಗೆಯ ಎದುರು ಬೆನ್ನು ಹಾಕಿ ನಿಂತು ಕೆಮ್ಮುತ್ತಿದ್ದ. ಅವನಿಗೆ ಕೆಮ್ಮಿನ ರೋಗ ಇರಲಿಲ್ಲ.

ಊರಿನವರೆಲ್ಲ ನನ್ನನ್ನು ಕುಶಾಲಪ್ಪಣ್ಣ ಎನ್ನುತ್ತಿದ್ದರು. ಟೀಚರ್ ಒಬ್ಬರೇ ಕುಶಾಲಪ್ಪನವರೇ ಎನ್ನುತ್ತಿದ್ದದ್ದು. ನನಗೆ ಅದು ಮೊದಲ ದಿನವೇ ಕಿವಿಗೆ ಬಿದ್ದಿತ್ತು. “ಹೆಸರು ಕುಶಾಲಪ್ಪ, ಮುಖ ನೋಡಿದ್ರೆ ಬೊಜ್ಜದ ಕಾಗದ” ಎಂದು ಅವರು ಒಮ್ಮೆ ಹೇಳಿ ತಾವೇ ನಕ್ಕರು. ಬೇರೆ ಯಾರಾದರೂ ಹೇಳಿದ್ದರೆ ಜಗಳ ಆಗುತ್ತಿತ್ತು. ನಾನು ಕೋಣೆಗೆ ಹೋಗಿ ಕನ್ನಡಿ ನೋಡಿಕೊಂಡೆ.

ಕೆಲಸದಲ್ಲಿ ತಾಪತ್ರಯಗಳೂ ಇದ್ದವು. ಝರಿಣಿಯ ಝ ಎಂಬ ಮೊಳೆ ನಮ್ಮಲ್ಲಿ ಇದ್ದದ್ದೇ ಸ್ವಲ್ಪ. ಅದೂ ಝೊಹರಾ, ಝುಬೈದಾ ಎಂಬ ಹೆಣ್ಣುಮಕ್ಕಳ ಮದುವೆ ಕಾಗದಕ್ಕೆಂದು ಸಾಹೇಬರು ತರಿಸಿ ಇಟ್ಟದ್ದು. ಪ್ರತಿ ಪುಟದಲ್ಲಿ ಝರಿಣಿ ಬಂದದ್ದೇ ಬಂದದ್ದು, ಶೇಷಪ್ಪನ ಮಂಡೆ ಬಿಸಿಯಾಯಿತು.

“ಎಂತ ಕರ್ಕರೆ ಟೀಚರ್! ರಾಜಕುಮಾರಿಗೆ ಸರೋಜ ಅಂತ ಇಟ್ರೆ ಎಂತ?” ಎಂದ.

“ಸರೋಜ ಅಂತ ಹೆಸರಿದ್ರೆ ಅವಳು ಬಾಗಿಲು ಮುರೀಲಿಕ್ಕೆ ಹೋಗುದಿಲ್ಲ ಶೇಷಪ್ಪಣ್ಣ, ಅಡಿಗೆಗೆ ಹೋಗ್ತಾಳೆ” ಎಂದರು ಟೀಚರ್. ಕಡೆಗೆ ಅರ್ಧ ಕಡೆ ‘ರಾಜಕುಮಾರಿ’ ಎಂದು ಹಾಕಿ ಸುಧಾರಿಸಿದೆವು. ನಡುವೆ ಕುಂಬ್ರದ ಒಬ್ಬ ಝುಬೈದಾಳ ಮದುವೆ ಬಂತು. ಆ ಕಾಗದ ಅಚ್ಚಾಗಿ ಮೊಳೆ ಬಿಚ್ಚುವವರೆಗೆ ಧೂಮ್ರ ಗ್ರಹದ ರಾಜಕುಮಾರಿ ಕಾಯಬೇಕಾಯಿತು.

ಒಮ್ಮೆ ನಾನು ಕೇಳಿದೆ, “ಗಾಳಿಗೆ ಬೀಗ ಹಾಕುದು ನಿಮಗೆ ಹೇಗೆ ತೋಚಿತು?”

“ತೋಚ್ಲಿಕ್ಕೆ ಎಂತ ಉಂಟು? ನಮ್ಮ ಶಾಲೆಯಲ್ಲಿ ಲ್ಯಾಬ್ ಉಂಟು. ಲ್ಯಾಬಿಗೆ ಬೀಗ ಉಂಟು. ಬೀಗದ ಕೈ ಸಂಚಾಲಕರ ಸೊಂಟದಲ್ಲಿ ಉಂಟು. ಇನ್‌ಸ್ಪೆಕ್ಟರ್ ಬರುವ ದಿನ ತೆಗೀತಾರೆ, ಅವರು ಹೋದ ಕೂಡ್ಲೇ ಹಾಕ್ತಾರೆ. ಸಾಮಾನು ಒಡೀತದೆ ಅಂತೆ. ಮಕ್ಕಳು ಆಮ್ಲಜನಕವನ್ನು ಬಾಯಿಪಾಠ ಮಾಡ್ತಾರೆ ಕುಶಾಲಪ್ಪನವ್ರೇ.” ಸಂಚಾಲಕರು ಎಂದರೆ ಖಾಸಗಿ ಶಾಲೆಯ ಆಡಳಿತ ನೋಡುವವರು. ಟೀಚರಿನ ಕೆಲಸ ಆಗ ವರ್ಷವರ್ಷಕ್ಕೆ ಮುಂದುವರಿಸುವ ತಾತ್ಕಾಲಿಕ ಕೆಲಸ. ಖಾಯಂ ಮಾಡುವುದು, ಬಿಡುವುದು ಸಂಚಾಲಕರ ಕೈಯಲ್ಲಿತ್ತು.

ಇನ್ನು ನಮ್ಮಂಥ ಪ್ರೆಸ್ಸಿನವರು ಮಾತ್ರ ಮಾಡಬಹುದಾದ ಎಡವಟ್ಟಿಗೆ ಬರುತ್ತೇನೆ. ಹೊಸ ಫಾರಂ ಯಂತ್ರಕ್ಕೆ ಏರಿಸಿದಾಗ ಮಸಿ ಹದಕ್ಕೆ ಬರುವವರೆಗೆ ಒಂದಷ್ಟು ಹಾಳೆ ಕೆಡುತ್ತದೆ. ಕೆಲವು ಕಡೆ ಕಪ್ಪು, ಕೆಲವು ಕಡೆ ಮಾಸಲು. ಹಿಂದಿನಿಂದಲೂ ಆ ಕೆಟ್ಟ ಹಾಳೆಗಳನ್ನು ಬಸ್ ಸ್ಟ್ಯಾಂಡಿನ ನೆಲಗಡಲೆಯವನು ಬಂದು ಪೊಟ್ಟಣ ಕಟ್ಟಲು ಒಯ್ಯುತ್ತಿದ್ದ. ಯಾರಿಗೂ ತೊಂದರೆ ಇರಲಿಲ್ಲ. ಮದುವೆ ಕಾಗದದ ಪೊಟ್ಟಣವನ್ನು ಯಾರು ಬಿಚ್ಚಿ ಓದುತ್ತಾರೆ? ಆ ವರ್ಷವೂ ಅವನು ಎಂದಿನಂತೆ ಬಂದ, ಒಯ್ದ. ಅದು ಕಾದಂಬರಿ ಎಂದು ಯಾರಿಗೂ ತಲೆಗೆ ಹೋಗಲಿಲ್ಲ.

ಸ್ವಲ್ಪ ದಿನದಲ್ಲಿ ಕಡಬದ ಬಸ್ಸಿನ ಕಂಡಕ್ಟರ್ ಪ್ರೆಸ್ಸಿನ ಬಾಗಿಲಲ್ಲಿ ನಿಂತು, “ಕುಶಾಲಪ್ಪಣ್ಣ, ರಾಜನಿಗೆ ಎಚ್ಚರ ಆಯ್ತಾ ಮಾರಾಯ್ರೆ?” ಎಂದು ಕೇಳಿದ. ನನಗೆ ತಲೆಬುಡ ತಿಳಿಯಲಿಲ್ಲ. “ಪೊಟ್ಟಣದಲ್ಲಿ ಅರ್ಧವೇ ಬಂದದ್ದು. ಇನ್ನರ್ಧ ಯಾರೋ ಕಬಕದಲ್ಲಿ ಇಳಿಯುವವ ಒಯ್ದ” ಎಂದ. ಶಾಲೆ ಕಾಲೇಜಿನ ಮಕ್ಕಳು ಕಡಲೆ ತಿಂದು ಪೊಟ್ಟಣವನ್ನು ಬಿಡಿಸಿ, ಒಬ್ಬರದ್ದನ್ನು ಒಬ್ಬರದ್ದಕ್ಕೆ ಜೋಡಿಸಿ ಓದುತ್ತಿದ್ದರಂತೆ. ಹಿಂದೆ ಮುಂದೆ ಇಲ್ಲ, ಕೆಲವು ಕಡೆ ಅಕ್ಷರವೇ ಇಲ್ಲ, ಆದರೂ ಓದುತ್ತಿದ್ದರು. ನೆಲಗಡಲೆಯವನಿಗೆ ಆ ಚಳಿಗಾಲದಲ್ಲಿ ಭಾರೀ ಗಿರಾಕಿ.

ನಾನು ಶನಿವಾರ ಇದನ್ನು ಹೇಳಿದಾಗ ಟೀಚರಿಗೆ ಬೇಸರವಾಗುತ್ತದೆ ಎಂದುಕೊಂಡಿದ್ದೆ. ಅವರು ಎದ್ದು ಬಸ್ ಸ್ಟ್ಯಾಂಡಿಗೆ ಹೋಗಿ ಎರಡು ಪೊಟ್ಟಣ ಕಡಲೆ ತಂದರು. ತಮ್ಮದೇ ಕಾದಂಬರಿಯ ಆರನೆಯ ಅಧ್ಯಾಯವನ್ನು ಬಿಚ್ಚಿ, ಕಡಲೆ ತಿನ್ನುತ್ತಾ ಓದಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೂ ಒಂದು ಪೊಟ್ಟಣ ಕೊಟ್ಟರು. ಆ ಶನಿವಾರದಷ್ಟು ಸಂತೋಷದ ದಿನ ನನ್ನ ಉದ್ಯೋಗದಲ್ಲಿ ಇನ್ನೊಂದಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಉಂಟಲ್ಲ. ಮಾರ್ಚ್ ತಿಂಗಳಲ್ಲಿ ಸಂಚಾಲಕರೇ ಪ್ರೆಸ್ಸಿಗೆ ಬಂದರು. ಕೈಯಲ್ಲಿ ಎಣ್ಣೆ ಹಿಡಿದ ಒಂದು ತುಂಡು ಹಾಳೆ. ಬೀಗದ ಕೈ ಕುಲುಕುವ ವಾಯುಮಂತ್ರಿಯ ವರ್ಣನೆ ಇದ್ದ ಪುಟ. ಅದನ್ನು ಮೇಜಿನ ಮೇಲಿಟ್ಟು, ಸೊಂಟದ ಬೀಗದ ಕೈಗಳನ್ನು ಕುಲುಕುತ್ತಾ, “ಇದು ನಿಮ್ಮಲ್ಲಿ ಅಚ್ಚಾದದ್ದಾ?” ಎಂದು ಕೇಳಿದರು. ಸಾಹೇಬರು ನನ್ನನ್ನು ನೋಡಿದರು. ನಾನು ಚಾವಣಿ ನೋಡಿದೆ.

“ನಮ್ಮಲ್ಲಿ ಮದುವೆ ಕಾಗದವೂ ಅಚ್ಚಾಗ್ತದೆ, ಬೊಜ್ಜದ ಕಾಗದವೂ ಅಚ್ಚಾಗ್ತದೆ” ಎಂದರು ಸಾಹೇಬರು. “ಮದುವೆ ಆದದ್ದೂ ನಾವಲ್ಲ, ಸತ್ತದ್ದೂ ನಾವಲ್ಲ.”

“ನಾನು ಬೈಲಿಕ್ಕೆ ಬಂದದ್ದಲ್ಲ ಸಾಹೇಬ್ರೆ.” ಅವರು ಕುಳಿತರು. ಬೆವರು ಒರಸಿಕೊಂಡರು. “ಸವಣೂರು ಪೇಟೆಯಲ್ಲಿ ಯಾರೋ ಹುಡುಗರು ನನ್ನ ಕಾರು ನೋಡಿ ವಾಯುಮಂತ್ರಿ ಬಂದ್ರು ಅಂತ ಹೇಳಿದ್ರು. ಅದಕ್ಕೂ ತೊಂದರೆ ಇಲ್ಲ. ಕಾರಿನಲ್ಲಿ ನನ್ನ ಪುಳ್ಳಿ ಇದ್ಳು. ಅವಳೂ ನಗಾಡಿದ್ಳು.” ಪುಳ್ಳಿ ಎಂದರೆ ಮೊಮ್ಮಗಳು. ಅದನ್ನು ಹೇಳುವಾಗ ಅವರ ಧ್ವನಿ ಸಣ್ಣದಾಯಿತು. ಕೆಟ್ಟ ಮನುಷ್ಯ ಎಂದು ಅಲ್ಲಿಯವರೆಗೆ ನಾನು ತಿಳಿದಿದ್ದೆ. ಮುದುಕ ಎಂದು ಆಗ ಗೊತ್ತಾಯಿತು.

ಆದರೂ ಮುದುಕರು ಸಾಮಾನ್ಯರಲ್ಲ. ಹೊರಡುವ ಮೊದಲು ನನ್ನತ್ತ ತಿರುಗಿ ಹೇಳಿದರು: “ಪುಸ್ತಕ ನಿಲ್ಲಿಸಿ ಅಂತ ಹೇಳುದಿಲ್ಲ. ಕಡೆಗೆ ಆ ಮಂತ್ರಿ ಒಳ್ಳೆಯವ ಅಂತ ಆಗ್ಲಿ. ಯಕ್ಷಗಾನ ಆಟದಲ್ಲಿ ರಾಕ್ಷಸನಿಗೂ ಕಡೆಗೆ ಮೋಕ್ಷ ಉಂಟಲ್ಲ? ಹಾಗೆ ಆದ್ರೆ ಜೂನ್‌ನಲ್ಲಿ ಟೀಚರಿನ ಕೆಲಸ ಖಾಯಂ. ಆಗದಿದ್ರೆ ಬೇರೆ ಶಾಲೆ ನೋಡ್ಲಿ. ನೀವು ಹೇಳಿ ಅವರಿಗೆ.”

ಅಷ್ಟರೊಳಗೆ ಕೊನೆಯ ಒಂದು ಫಾರಂ ಬಿಟ್ಟು ಉಳಿದದ್ದೆಲ್ಲ ಅಚ್ಚಾಗಿ ಮೊಳೆ ಬಿಚ್ಚಿ ಆಗಿತ್ತು. ಕೊನೆಯ ಅಧ್ಯಾಯ ಮಾತ್ರ ಟೀಚರಿನ ಚೀಲದಲ್ಲಿತ್ತು. ಮಂತ್ರಿ ಸಿಕ್ಕಿಬೀಳುತ್ತಾನೆ, ಝರಿಣಿಗೆ ಪಟ್ಟಾಭಿಷೇಕ, ಧವಳನ ಜೊತೆ ಮದುವೆ, ಹಾಗೆ ಮುಗಿಸಿದ್ದೇನೆ ಎಂದು ಅವರು ಮೊದಲೇ ನನಗೆ ಹೇಳಿದ್ದರು.

ಶನಿವಾರ ಬಂದಾಗ ಎಲ್ಲವನ್ನೂ ಹೇಳಿದೆ. ಮೊಮ್ಮಗಳು ನಕ್ಕದ್ದನ್ನೂ ಬಿಡಲಿಲ್ಲ. ಟೀಚರ್ ಚೀಲವನ್ನು ಮೇಜಿನ ಮೇಲಿಟ್ಟು ಕುಳಿತರು.

“ನಾನು ಬರೆದದ್ದು ಅವರನ್ನೇ. ಇಲ್ಲ ಅಂತ ಸುಳ್ಳು ಹೇಳಿ ಎಂತ ಪ್ರಯೋಜನ?” ಎಂದರು. ಆಮೇಲೆ, “ಒಂದು ಪ್ಯಾರಾ ಸಾಕು. ರಾಜನನ್ನು ಪರೀಕ್ಷೆ ಮಾಡ್ಲಿಕ್ಕೆ ಮಂತ್ರಿ ಹೀಗೆಲ್ಲ ಮಾಡಿದ್ದು ಅಂತ ಬರೆದ್ರೆ ಮುಗೀತು. ಕೆಲಸ ಉಳೀತದೆ. ಕಡಬದಲ್ಲೇ ಇರಬಹುದು. ಶನಿವಾರ ಶನಿವಾರ ಬಂದು ಇನ್ನೊಂದು ಪುಸ್ತಕ ಓದಬಹುದು.” ತಲೆ ಎತ್ತಿ ನನ್ನನ್ನೇ ನೋಡಿದರು. “ನೀವು ಹೇಳಿ ಕುಶಾಲಪ್ಪನವ್ರೇ. ಬದಲಾಯಿಸ್ಲಾ?”

ನನಗೆ ಏನು ಬೇಕಿತ್ತು ಎಂಬುದರಲ್ಲಿ ಗುಟ್ಟಿಲ್ಲ. ಅವರು ಇಲ್ಲೇ ಇರಬೇಕಿತ್ತು. ನನಗೆ ಅವರ ಮೇಲೆ ಪ್ರೀತಿ ಇತ್ತು. ಮೂವತ್ತು ದಾಟಿದ ಮೇಲೆ ಬಂದ ಮೊದಲ ಪ್ರೀತಿ, ಅದೂ ಕಾಮಾ ಫುಲ್‌ಸ್ಟಾಪ್ ಕೇಳಿ ಬಂದದ್ದು. ‘ಬದಲಾಯಿಸಿ’ ಎಂಬ ಒಂದು ಮಾತು ಸಾಕಿತ್ತು. ಅವರು ಆ ಮಾತಿಗೇ ಕಾಯುತ್ತಿದ್ದರೋ ಏನೋ, ಅದೂ ನನಗೆ ಅನಿಸಿತು. ಆದರೆ ಅಷ್ಟು ತಿಂಗಳು ಆ ಕಥೆಯ ಒಂದೊಂದು ಅಕ್ಷರದ ಮೇಲೆ ಕಣ್ಣಿಟ್ಟವ ನಾನು. ಜನರ ಉಸಿರಿಗೆ ಬೀಗ ಹಾಕಿದವನನ್ನು ಒಂದು ಪ್ಯಾರಾದಲ್ಲಿ ಒಳ್ಳೆಯವನನ್ನಾಗಿ ಮಾಡಿದರೆ ಹಿಂದಿನ ಪುಟಗಳೆಲ್ಲ ಸುಳ್ಳಾಗುತ್ತವೆ.

“ಬದಲಾಯಿಸಬೇಡಿ” ಎಂದೆ. “ಪೊಟ್ಟಣ ಓದಿದ ಮಕ್ಕಳೂ ನಂಬುದಿಲ್ಲ.”

“ಹಾಗಾದ್ರೆ ನಾನು ಇಲ್ಲಿ ಇರುದಿಲ್ಲ.”

“ಗೊತ್ತುಂಟು.”

“ನಿಮಗೆ ಎಂತದೂ ಇಲ್ವಾ?”

ಶೇಷಪ್ಪನ ಕೈಯ ಸದ್ದು ನಿಂತಿತು. ನಾನು ಹೇಳಿದೆ: “ನೀವು ಹೋದರೆ ನನಗೆ ಬೇಜಾರುಂಟು. ಆದರೂ ಬದಲಾಯಿಸಬೇಡಿ.”

ಅವರು ಚೀಲ ಎತ್ತಿಕೊಂಡು ಎದ್ದರು. ಅಂದು ಓದಲಿಲ್ಲ. ಮುಂದಿನ ಶನಿವಾರ ಬರಲಿಲ್ಲ, ಅದರ ಮುಂದಿನ ಶನಿವಾರವೂ ಬರಲಿಲ್ಲ. ಬಸ್ಸು ಬಂದು ನಿಂತ ಸದ್ದಾದಾಗೆಲ್ಲ ನಾನು ಮೇಜಿನ ಎದುರಿನ ಕುರ್ಚಿಯ ಧೂಳು ಒರಸುತ್ತಿದ್ದೆ. ಸಾಹೇಬರು ನೋಡಿಯೂ ನೋಡದ ಹಾಗೆ ಇದ್ದರು. ಒಂದು ದಿನ ತಮ್ಮ ಮನೆಯಿಂದ ನನಗೆ ಪತ್ತಿರಿ ಎಂಬ ಅಕ್ಕಿ ರೊಟ್ಟಿ, ಮೀನು ಸಾರು ಕಳಿಸಿದರು.

ಏಪ್ರಿಲಿನಲ್ಲಿ ಕೊನೆಯ ಅಧ್ಯಾಯ ಕಂಡಕ್ಟರನ ಕೈಯಲ್ಲಿ ಬಂತು. ಕಾಗದ ಹೊಸದು, ಬರವಣಿಗೆ ಹೊಸದು. ಸಾಹೇಬರು ನೇರವಾಗಿ ಶೇಷಪ್ಪನಿಗೆ ಕೊಟ್ಟರು. ಅವನು ಮೊಳೆ ಜೋಡಿಸಿ, ಕರಡು ತೆಗೆದು ನನ್ನ ಮೇಜಿನ ಮೇಲಿಟ್ಟ. ಪ್ರತಿ ಸಲ ಏನಾದರೊಂದು ಕುಶಾಲು ಮಾಡುವ ಮನುಷ್ಯ ಆ ದಿನ ನನ್ನ ಮುಖ ನೋಡದೆ ಮೊಳೆ ಪೆಟ್ಟಿಗೆಯ ಕಡೆ ಹೋದ.

ಶನಿವಾರ ಟೀಚರ್ ಬಂದರು. ಶಾಲೆಗೆ ಬೇಸಿಗೆ ರಜೆ ಶುರುವಾಗಿತ್ತು. ಘಟ್ಟದ ಮೇಲೆ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿದೆ, ಬರುವ ವಾರ ಹೋಗುವುದು ಎಂದರು. ನಾನು “ಒಳ್ಳೆಯದಾಯಿತು” ಎಂದೆ. ಕುಳಿತು ಓದತೊಡಗಿದರು.

ಮದುವೆ ಇರಲಿಲ್ಲ, ಪಟ್ಟಾಭಿಷೇಕವೂ ಇರಲಿಲ್ಲ. ಮಂತ್ರಿ ಸಿಕ್ಕಿಬೀಳುತ್ತಾನೆ. ಆದರೆ ಸಿಕ್ಕಿಬೀಳುವ ಮೊದಲು ಬೀಗದ ಕೈಗಳನ್ನೆಲ್ಲ ಹಾಳುಗೆಡವಿರುತ್ತಾನೆ. ಇನ್ನು ನಗರಕ್ಕೆ ಗಾಳಿ ಬಿಡಬೇಕಾದರೆ ಬೆಟ್ಟದ ಹೊರಬಾಗಿಲಿನ ಆಚೆ ಹೋಗಿ ಗಾಳಿಯಂತ್ರದ ದೊಡ್ಡ ಕವಾಟವನ್ನು ತೆರೆಯಬೇಕು. ಆ ಬಾಗಿಲು ಒಮ್ಮೆ ದಾಟಿದವರಿಗೆ ಒಳಗೆ ಬರುವ ದಾರಿ ಇಲ್ಲ. ಬೆನ್ನಿಗೆ ಗಾಳಿಯ ಚೀಲ ಕಟ್ಟಿಕೊಂಡು ದೂರದ ಇನ್ನೊಂದು ಬೆಟ್ಟಕ್ಕೆ ನಡೆದುಹೋಗಬೇಕು. ದಾರಿ ಬಲ್ಲವಳು ಝರಿಣಿ ಒಬ್ಬಳೇ. ಅವಳು ಬಾಗಿಲ ಬಳಿ ನಿಂತು ಕೊನೆಯ ಸಲ ಕೊಳವೆಯಲ್ಲಿ ಧವಳನ ಜೊತೆ ಮಾತಾಡುತ್ತಾಳೆ.

“ಕೋಟ್ ಓಪನ್. ಹೋಗಲೇ, ಪ್ರಶ್ನೆ. ಕೋಟ್ ಕ್ಲೋಸ್. ಪ್ಯಾರಾ” ಎಂದು ಟೀಚರ್ ಓದಿದರು. ಅವರ ಧ್ವನಿ ಏರಲೂ ಇಲ್ಲ, ಇಳಿಯಲೂ ಇಲ್ಲ. “ಕೋಟ್ ಓಪನ್. ನೀನು ಹೋದರೆ ನನಗೆ ಬೇಜಾರುಂಟು, ಫುಲ್‌ಸ್ಟಾಪ್. ಆದರೂ ಬಾಗಿಲು ತೆರೆ, ಫುಲ್‌ಸ್ಟಾಪ್. ಕೋಟ್ ಕ್ಲೋಸ್.”

ಅಯ್ಯೋ ದೇವರೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆದರೆ ಉದ್ಯೋಗ ಬಿಡುತ್ತದೆಯೇ? ಇಡೀ ಪುಸ್ತಕದಲ್ಲಿ ಧೂಮ್ರ ಗ್ರಹದವರು ‘ಅಪ್ಪಣೆಯಾಗಲಿ’, ‘ಚಿತ್ತೈಸಬೇಕು’ ಎಂದೇ ಮಾತಾಡಿದ್ದು. ಕೊಳವೆ ರಿಪೇರಿಯ ಹುಡುಗನೂ ಅರಮನೆಯ ಕನ್ನಡವನ್ನೇ ಆಡಿದ್ದ. ಕೈ ತನ್ನಷ್ಟಕ್ಕೇ ಹೋಗಿ ಆ ಸಾಲಿನ ಅಂಚಿನಲ್ಲಿ ಪ್ರಶ್ನೆಯ ಗುರುತು ಹಾಕಿತು.

“ಎಂತ?” ಎಂದರು ಟೀಚರ್.

“ಇದು ನಮ್ಮ ಕಡೆಯ ಮಾತು. ಅರಮನೆಗೆ ಹೊಂದುದಿಲ್ಲ.”

ಅವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಕರಡನ್ನು ತಮ್ಮ ಕಡೆ ತಿರುಗಿಸಿ, ಆ ಎರಡು ವಾಕ್ಯಗಳ ಅಡಿಯಲ್ಲಿ ಒಂದೊಂದೇ ಚುಕ್ಕಿ ಹಾಕುತ್ತಾ ಹೋದರು. “ಹೊಂದುದು ಬೇಡ” ಎಂದರು. “ಇಷ್ಟು ದಪ್ಪದ ಪುಸ್ತಕದಲ್ಲಿ ನಾನು ಕಟ್ಟಿ ಬರೆಯದ ಮಾತು ಅದೊಂದೇ.”

ಉಳಿದ ಪುಟಗಳನ್ನು ಓದಿ ಮುಗಿಸಿದೆವು. ಬಸ್ಸಿನ ಹೊತ್ತಾಯಿತು. ಬಾಗಿಲವರೆಗೆ ಹೋದ ಮೇಲೆ ತಿರುಗಿ, “ಬರ್ತೇನೆ ಕುಶಾಲಪ್ಪನವ್ರೇ” ಎಂದರು. ನಾನು “ಹೋಗಿಬನ್ನಿ ಟೀಚರ್” ಎಂದೆ. ಇಬ್ಬರೂ ಹೇಳಿದ್ದು ವಾಡಿಕೆಯ ಮಾತು. ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಪುಸ್ತಕ ಮಳೆಗಾಲದ ಮೊದಲು ಹೊರಬಂತು. ಪ್ರತಿಗಳನ್ನು ಪಾರ್ಸೆಲ್ ಮಾಡಿ ಘಟ್ಟದ ಮೇಲೆ ಕಳಿಸಿದೆ, ಕೆಲವು ಪುತ್ತೂರು ಸುಳ್ಯದ ಅಂಗಡಿಗಳಿಗೆ ಹೋದವು. ಮೊದಮೊದಲು ಟೀಚರಿನ ಒಂದೆರಡು ಕಾಗದ ಬಂತು, ಕ್ಷೇಮಸಮಾಚಾರ ಅಷ್ಟೆ. ಆಮೇಲೆ ಅವರಿಗೆ ಮದುವೆಯಾಯಿತೆಂದು ಕೇಳಿದೆ. ಮದುವೆ ಕಾಗದ ನಮ್ಮ ಪ್ರೆಸ್ಸಿಗೆ ಬರಲಿಲ್ಲ, ಅಷ್ಟು ಪುಣ್ಯ. ಬಂದಿದ್ದರೆ ಪ್ರೂಫ್ ನೋಡಬೇಕಾದವ ನಾನೇ. ನನ್ನ ಆದಿತ್ಯವಾರಗಳು ಹಿಂದಿನಂತೆ ಆದವು. ಹಿಂದಿನದಕ್ಕಿಂತ ಉದ್ದವಾದವು ಎಂದರೆ ಸರಿ. ಈಗ ಅವುಗಳ ಪಕ್ಕದಲ್ಲಿ ಒಂದೊಂದು ಖಾಲಿ ಶನಿವಾರವೂ ಇತ್ತು.

1986ರಲ್ಲಿ ಯಾವುದೋ ಜಾಗದ ಕೆಲಸಕ್ಕೆ ಸುಳ್ಯಕ್ಕೆ ಹೊರಟಿದ್ದೆ. ಕುಂಬ್ರದಲ್ಲಿ ಬಸ್ಸು ಹತ್ತಿದ ಕಾಲೇಜು ಹುಡುಗಿಯೊಬ್ಬಳು ನನ್ನ ಪಕ್ಕದ ಸೀಟಿನಲ್ಲಿ ಕುಳಿತು ಪುಸ್ತಕ ತೆಗೆದಳು. ರಟ್ಟು ಹರಿದಿತ್ತು. ಆದರೆ ನನ್ನ ಕಣ್ಣಿಗೆ ಆ ಪುಟದ ಮೊಳೆ ಸಾಕಿತ್ತು. ಅವಳು ಕೊನೆಯ ಅಧ್ಯಾಯದಲ್ಲಿದ್ದಳು. ಪುಸ್ತಕ ಮುಚ್ಚಿ ಕಿಟಕಿಯ ಹೊರಗೆ ನೋಡಿ, “ಹೆಡ್ಡ!” ಎಂದಳು.

“ಯಾರು ಮಗಾ?” ಎಂದೆ.

ಅವಳಿಗೆ ನಾಚಿಕೆಯಾಯಿತು. “ಇದರಲ್ಲಿ ಒಬ್ಬ ಉಂಟು ಅಂಕಲ್. ಅವಳು ಹೋಗ್ಲಾ ಅಂತ ಕೇಳ್ತಾಳೆ. ಹೋಗಬೇಡ ಅಂತ ಒಂದು ಮಾತು ಹೇಳಿದ್ರೆ ಅವಳು ನಿಲ್ತಿದ್ಳು. ಬೇಜಾರುಂಟು ಅಂತೆ! ಬೇಜಾರಿದ್ರೆ ಯಾಕೆ ಕಳಿಸುದು?”

“ನಿಲ್ತಿದ್ಳೇನೋ” ಎಂದೆ. “ಮತ್ತೆ ಬಾಗಿಲು ಯಾರು ತೆಗೆಯುದು?”

ಅವಳು ಒಪ್ಪಲಿಲ್ಲ. ಆ ವಯಸ್ಸಿನಲ್ಲಿ ಒಪ್ಪಬಾರದು ಕೂಡ. ಪುಸ್ತಕ ಎಲ್ಲಿ ಸಿಕ್ಕಿತು ಎಂದು ಕೇಳಿದೆ. ಕಡಬದ ಕಡೆಯ ತನ್ನ ಹೈಸ್ಕೂಲಿನ ಹೆಸರು ಹೇಳಿದಳು. ಶಾಲೆ ಬಿಡುವಾಗ ಅಲ್ಲಿಂದ ತಂದದ್ದು, ವಾಪಸು ಕೊಡಲಿಲ್ಲ ಎಂದು ನಕ್ಕಳು. ನಾನು ತಡೆಯಲಾರದೆ ಕೇಳಿದೆ, “ನಿಮ್ಮ ಶಾಲೆಯಲ್ಲಿ ಲ್ಯಾಬ್ ಉಂಟಾ?”

“ಉಂಟಲ್ಲ! ಅದಕ್ಕೆ ಬೀಗವೇ ಇಲ್ಲ ಅಂಕಲ್. ಹಳೇ ಸಂಚಾಲಕರೇ ತೆಗೆಸಿದ್ದಂತೆ. ಮೊದಲು ಹಾಕ್ತಿದ್ರಂತೆ, ಯಾರೋ ಟೀಚರ್ ಇದ್ರಂತೆ, ಅವರು ಹೋದ ವರ್ಷವೇ ತೆಗೆಸಿದ್ದಂತೆ.” ಅಷ್ಟು ಹೇಳಿ ಅವಳು ಪುನಃ ಪುಸ್ತಕ ಬಿಡಿಸಿದಳು. ನಾನು ಸುಳ್ಯದವರೆಗೆ ಅವಳು ಪುಟ ತಿರುವುವುದನ್ನೇ ಓರೆಗಣ್ಣಿನಲ್ಲಿ ನೋಡುತ್ತಾ ಕುಳಿತೆ.

ಮೊಳೆಯ ಕಾಲ ಮುಗಿದು, ಆಫ್‌ಸೆಟ್ ಬಂದು, ನಾನು ನಿವೃತ್ತನೂ ಆದೆ. ನನ್ನ ಉದ್ಯೋಗ ಏನು ಕಲಿಸಿತು ಎಂದು ಯಾರಾದರೂ ಕೇಳಿದರೆ ಹೇಳುವುದು ಇಷ್ಟೇ. ತಪ್ಪು ಹುಡುಕಲು ಕಣ್ಣು ಸಾಕು. ಸರಿಯಾಗಿರುವುದನ್ನು, ಅದು ನಮಗೆ ಎಷ್ಟೇ ನಷ್ಟ ಮಾಡಲಿ, ಮುಟ್ಟದೆ ಬಿಡಲು ಎದೆ ಬೇಕು. ಆ ಹುಡುಗಿ ಹೆಡ್ಡ ಎಂದದ್ದನ್ನು ಮಾತ್ರ ನಾನು ಇವತ್ತಿನವರೆಗೆ ಒಪ್ಪಿಯೂ ಇಲ್ಲ, ತಿದ್ದಿಯೂ ಇಲ್ಲ. ಅಂಚಿನಲ್ಲಿ ಒಂದು ಪ್ರಶ್ನೆಯ ಗುರುತು ಹಾಕಿ ಇಟ್ಟಿದ್ದೇನೆ. ಅದರ ಅಡಿಯಲ್ಲಿ ಚುಕ್ಕಿ ಹಾಕಬೇಕಾದವರು ಘಟ್ಟದ ಮೇಲಿದ್ದಾರೆ.